ಏಳರ ಎಣಿಕೆ: ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಕಟ್ಟಹೊರಟವರಿಗೆ ಒಂದು ಬಹಿರಂಗ ಪತ್ರ

ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ತರುಣ ತರುಣಿಯರಿಗೆ,



ಎಲೆಕ್ಟ್ರಾನಿಕ್ ಸಂಗೀತವೆಂದರೆ ವಿದ್ಯುತ್ತಿನ ಕಂಪನದಿಂದ ಹುಟ್ಟಿಸಿದ ನಾದವನ್ನು, ಇಲ್ಲವೇ ಮುದ್ರಿಸಿ ಕತ್ತರಿಸಿ ತಿದ್ದಿದ ಸದ್ದನ್ನು ತಾಳಕ್ಕೆ ಕೂಡಿಸಿ ಕಟ್ಟುವ ಸಂಗೀತ. ಜಾತ್ರೆಯಲ್ಲಿ, ಗಣೇಶನನ್ನು ಕಳಿಸುವ ರಾತ್ರಿಯಲ್ಲಿ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಡಿಜೆ ಪೆಟ್ಟಿಗೆಗಳಿಂದ ಎದೆಗೆ ಬಡಿಯುವುದು ಅದರ ಒಂದು ಮುಖ. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಪಕ್ಕ ಕೂತು ಎಡೆಬಿಡದೆ ಷಡ್ಜ ಹಿಡಿದಿರುವ ಶ್ರುತಿ ಪೆಟ್ಟಿಗೆ ಇನ್ನೊಂದು ಮುಖ. 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕೊಳಲು ಬಲ್ಲ ಇಂಜಿನಿಯರ್ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದರು. ಮುಂದೆ ಅವರ ರಾಡೆಲ್ ಸಂಸ್ಥೆಯಿಂದ ತಾಳ ನುಡಿಸುವ ಯಂತ್ರವೂ ಬಂತು. ಯಂತ್ರದ ನಾದ ಈ ಭಾಗದ ಹಾಡುಗಾರರ ಬೆನ್ನಿಗೆ ಕೂತು ದಶಕಗಳೇ ಕಳೆದಿವೆ. ಅದನ್ನು ಹೊರಗಿನ ವಸ್ತುವೆಂದು ಹಿರಿಯರು ದೂರ ಇಡಬೇಕಾಗಿಲ್ಲ. ಹೊರಗಿನಿಂದಲೇ ಕಲಿಯಬೇಕಾದದ್ದೆಂದು ಕಿರಿಯರು ಅಳುಕಬೇಕಾಗಿಯೂ ಇಲ್ಲ.

ಭಾರತದಲ್ಲಿ ಇದರ ಕಥೆ ಹಳೆಯದೇ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಸಿಂಥಸೈಸರ್ ಇದ್ದ ಸ್ಟುಡಿಯೋ ಶುರುವಾಯಿತು. 1982ರಲ್ಲಿ ಮುಂಬೈಯ ಚಿತ್ರಸಂಗೀತದ ವಾದಕ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಮುಂದಿಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳದಲ್ಲಿ ನುಡಿಸಿದರು. ಆ ಮೂರರಲ್ಲೊಂದಾದ ಟಿಬಿ-303 ಎಂಬ ಯಂತ್ರವನ್ನು ಮಾಡಿದವರು ಅದು ಬೇಸ್ ಗಿಟಾರಿನ ಜಾಗ ತುಂಬಲಿ ಎಂದುಕೊಂಡಿದ್ದರು. ಸಿಂಗ್ ಅದರ ಜಾರುಸ್ವರದಲ್ಲಿ ರಾಗದ ಮೀಂಡ್ ಕಂಡರು. ಹಾಗೆ ನುಡಿಸಿ ಹೊರತಂದ ಧ್ವನಿತಟ್ಟೆಯನ್ನು ಆಗ ಕೇಳಿದವರು ಕಡಿಮೆ. 2010ರಲ್ಲಿ ಅದು ಮತ್ತೆ ಹೊರಬಂದಾಗ, ಷಿಕಾಗೋದಲ್ಲಿ ಆಮೇಲೆ ಹುಟ್ಟಿದ ಆ್ಯಸಿಡ್ ಹೌಸ್ ಸಂಗೀತಕ್ಕೆ ಅದು ಎಷ್ಟು ಹತ್ತಿರವಿದೆಯೆಂದು ಜಗತ್ತು ಬೆರಗಾಯಿತು. ಎ. ಆರ್. ರೆಹಮಾನ್ 1989ರಲ್ಲಿ ಚೆನ್ನೈಯ ತಮ್ಮ ಮನೆಯ ಹಿತ್ತಲಲ್ಲಿ ಸ್ಟುಡಿಯೋ ಕಟ್ಟಿಕೊಂಡರು. 1992ರ 'ರೋಜಾ' ಚಿತ್ರದ ಸಂಗೀತ ಆ ಮನೆಯಿಂದ ಬಂತು. ಅಂದು ಅಂಥ ಕೋಣೆಗೆ ಲಕ್ಷಗಟ್ಟಲೆ ಹಣ ಬೇಕಿತ್ತು. ಇಂದು ಆ ಕೆಲಸದ ಬಹುಪಾಲು ಅಂಗಿಯ ಜೇಬಿನಲ್ಲಿರುವ ಫೋನಿನಲ್ಲಿ ಸಾಗುತ್ತದೆ.

ಆದ್ದರಿಂದ ಮೊದಲ ಬಿನ್ನಹ: ಯಾರೂ ಸಾಲ ಮಾಡಿ ಶುರು ಮಾಡಬಾರದು. ಲ್ಯಾಪ್‌ಟಾಪ್ ಬಂದ ಮೇಲೆ, ಕೀಬೋರ್ಡ್ ಕೊಂಡ ಮೇಲೆ, ದೊಡ್ಡ ಸ್ಪೀಕರ್ ಬಂದ ಮೇಲೆ ಎಂದು ಕಾದು ಕೂತು ಕೊನೆಗೆ ಏನನ್ನೂ ಮಾಡದವರನ್ನು ಈ ಪತ್ರ ಬರೆಯುವವರು ತಮ್ಮ ಓಣಿಯಲ್ಲೇ ಕಂಡಿದ್ದಾರೆ. ಆರಂಭಕ್ಕೆ ಒಂದು ಆ್ಯಂಡ್ರಾಯ್ಡ್ ಫೋನು, ತಂತಿಯುಳ್ಳ ಒಂದು ಇಯರ್‌ಫೋನ್ ಸಾಕು. ತಂತಿಯುಳ್ಳದ್ದೇ ಬೇಕೆನ್ನಲು ಕಾರಣವಿದೆ: ಬ್ಲೂಟೂತ್‌ನಲ್ಲಿ ಬೆರಳು ಒತ್ತಿದ ಕ್ಷಣಕ್ಕೂ ಕಿವಿಗೆ ಸದ್ದು ಬೀಳುವ ಕ್ಷಣಕ್ಕೂ ನಡುವೆ ಸಣ್ಣ ಅಂತರ ಉಳಿಯುತ್ತದೆ. ಹಾಡು ಕೇಳುವಾಗ ಅದು ಗೊತ್ತಾಗದು. ತಾಳ ನುಡಿಸುವಾಗ ಪ್ರತಿ ಪೆಟ್ಟೂ ತಪ್ಪಿದಂತೆ ಕೇಳಿ ಕಲಿಯುವವರು ತಮ್ಮ ಕೈಯನ್ನೇ ಶಂಕಿಸುತ್ತಾರೆ.

ಸದ್ದುಗಳನ್ನು ಸಾಲುಸಾಲಾಗಿ ಜೋಡಿಸುವ ತಂತ್ರಾಂಶವನ್ನು ಈ ಕಸುಬಿನವರು 'ಡಾ' (DAW) ಎನ್ನುತ್ತಾರೆ. ಅಂಥದ್ದೊಂದಾದ ಬ್ಯಾಂಡ್‌ಲ್ಯಾಬ್ ಫೋನಿನಲ್ಲೂ ಕಂಪ್ಯೂಟರಿನ ಬ್ರೌಸರಿನಲ್ಲೂ ನಡೆಯುತ್ತದೆ, ಮೊದಲ ಕೆಲಸಗಳಿಗೆ ಹಣ ಕೇಳುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಎಲ್‌ಎಂಎಂಎಸ್ ಎಂಬ ಮುಕ್ತ ತಂತ್ರಾಂಶವಿದೆ. ಮೈಕಿನಿಂದ ನೇರವಾಗಿ ಮುದ್ರಿಸಿಕೊಳ್ಳುವುದು ಅದಕ್ಕೆ ಒಗ್ಗದ ಕೆಲಸ, ಆದ್ದರಿಂದ ಆಡಾಸಿಟಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಮುದ್ರಿಸಿ ತಂದು ಅದರಲ್ಲಿ ಜೋಡಿಸಬೇಕು. ಡಿಜೆಗಳ ಬಾಯಲ್ಲಿ ಸದಾ ಇರುವ ಎಫ್‌ಎಲ್ ಸ್ಟುಡಿಯೋವನ್ನು ಕೊಳ್ಳದೆಯೂ ಪ್ರಯತ್ನಿಸಿ ನೋಡಬಹುದು. ಹಾಡು ಮುಗಿಸಿ ಹೊರತೆಗೆಯಬಹುದು, ಆದರೆ ಉಳಿಸಿಟ್ಟ ಕೆಲಸವನ್ನು ಮತ್ತೆ ತೆರೆಯಲು ದುಡ್ಡು ಕೊಡಬೇಕು. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಸಾಗುವ ಕ್ರ್ಯಾಕ್ ಪ್ರತಿಗಳು ಬೇಡ. ಅವುಗಳ ಜೊತೆ ವೈರಸ್ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾಳೆ ತಮ್ಮ ಹಾಡಿಗೆ ಬೆಲೆ ಕೇಳಬೇಕಾದವರು ಇನ್ನೊಬ್ಬರ ದುಡಿಮೆಯನ್ನು ಬೆಲೆಯಿಲ್ಲದೆ ಒಯ್ಯುವುದು ಸರಿಯಲ್ಲ.

ತಂತ್ರಾಂಶದೊಳಗೆ ಎರಡು ಬಗೆಯ ಸಾಮಗ್ರಿ ಇರುತ್ತದೆ. ಒಂದು ಆಡಿಯೋ, ಅಂದರೆ ಮುದ್ರಿತ ಸದ್ದು. ಇನ್ನೊಂದು ಮಿಡಿ. 1983ರಲ್ಲಿ ಯಂತ್ರ ತಯಾರಕರು ಒಪ್ಪಿಕೊಂಡ ಈ ಭಾಷೆಯಲ್ಲಿ ಸದ್ದೇ ಇಲ್ಲ. ಯಾವ ಸ್ವರ, ಎಷ್ಟು ಬಲ, ಯಾವಾಗ ಒತ್ತಿ ಯಾವಾಗ ಬಿಟ್ಟದ್ದು ಎಂಬ ಲೆಕ್ಕ ಮಾತ್ರ. ಬಲವನ್ನು 127ರವರೆಗಿನ ಅಂಕಿಯಲ್ಲಿ ಬರೆಯುತ್ತಾರೆ. ಹೊಸಬರ ತಾಳ ಗಡಿಯಾರದಂತೆ ನಿರ್ಜೀವವಾಗಿ ಕೇಳುವುದು ಹೆಚ್ಚಾಗಿ ಎಲ್ಲ ಪೆಟ್ಟಿಗೂ ಒಂದೇ ಬಲ ಕೊಟ್ಟಾಗ. ಹಲಗಿ ಬಡಿಯುವವರ ಎರಡು ಕಡ್ಡಿಗಳನ್ನು ಗಮನಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ದಪ್ಪ ಕಡ್ಡಿಯ ಪೆಟ್ಟು ಒಂದು ತೂಕ, ಸಣ್ಣ ಕಡ್ಡಿಯ ಪಟಪಟ ಇನ್ನೊಂದು ತೂಕ.

ಇನ್ನು ತಾಳ. ಹೊಸ ಕೆಲಸ ತೆರೆದರೆ ಬಹುತೇಕ ಎಲ್ಲ ತಂತ್ರಾಂಶವೂ ನಾಲ್ಕರ ಎಣಿಕೆಯನ್ನೇ ಮುಂದಿಡುತ್ತದೆ, ಪೆಟ್ಟುಗಳನ್ನು ಕೂಡಿಸಲು ಹದಿನಾರು ಮನೆಗಳ ಸಾಲು ಕೊಡುತ್ತದೆ. ಭಜನೆಯ ಕೆಹರ್ವಾ ಎಂಟು ಮಾತ್ರೆಯದು. ಮಾತ್ರೆಗೆ ಎರಡು ಮನೆಯಂತೆ ಅದರಲ್ಲಿ ಸಲೀಸಾಗಿ ಕೂಡುತ್ತದೆ. ದಾದ್ರಾದ ಆರು ಮಾತ್ರೆಗೆ ಮನೆಗಳನ್ನು ಹನ್ನೆರಡಕ್ಕೆ ಇಳಿಸಿದರಾಯಿತು. ಆದರೆ ಈ ನೆಲದವರು ಏಳರಿಂದ ಶುರು ಮಾಡಲಿ ಎಂಬುದು ಈ ಪತ್ರದ ಆಸೆ.

ಮಾನ್ವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ' ಭಾಮಿನಿ ಷಟ್ಪದಿಯಲ್ಲಿದೆ. ಭಾಮಿನಿಯ ನಡೆ ಮೂರು ನಾಲ್ಕು, ಮೂರು ನಾಲ್ಕು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆ. ಮೂರು ಮತ್ತು ಆರನೆಯ ಸಾಲಿಗೆ 23. ತಂತ್ರಾಂಶದಲ್ಲಿ ತಾಳದ ಗುರುತನ್ನು 7/8 ಎಂದು ಬದಲಿಸಿದರೆ ಒಂದು ಆವರ್ತಕ್ಕೆ ಏಳು ಮಾತ್ರೆ ಸಿಗುತ್ತದೆ. ಮೊದಲ ಎರಡು ಸಾಲುಗಳು ಎರಡೆರಡು ಆವರ್ತ ತುಂಬುತ್ತವೆ. ಮೂರನೆಯದು ಮೂರು ಆವರ್ತ ದಾಟಿ ನಾಲ್ಕನೆಯದರ ಎರಡು ಮಾತ್ರೆಗೆ ನಿಲ್ಲುತ್ತದೆ. ಮಿಕ್ಕ ಐದು ಮಾತ್ರೆ ಕೊನೆಯ ಗುರುವನ್ನು ಎಳೆಯಲು, ಉಸಿರು ತೆಗೆದುಕೊಳ್ಳಲು. ಅಲ್ಲಿಗೆ ಎಂಟು ಆವರ್ತ. ಪದ್ಯದ ಉತ್ತರಾರ್ಧಕ್ಕೆ ಮತ್ತೆ ಎಂಟು. ಒಟ್ಟು ಹದಿನಾರು. ಕುಣಿತದ ಎಲೆಕ್ಟ್ರಾನಿಕ್ ಸಂಗೀತ ಜಗತ್ತಿನೆಲ್ಲೆಡೆ ಎಂಟು, ಹದಿನಾರು ಆವರ್ತಗಳ ಗುಂಪಿನಲ್ಲೇ ತಿರುಗುತ್ತದೆ. ಅಷ್ಟು ಮುಗಿದಾಗ ಹೊಸ ಸದ್ದು ಒಳಬರುತ್ತದೆ, ಇಲ್ಲವೇ ಒಂದು ಸದ್ದು ಬಿಡುತ್ತದೆ. ಭಾಮಿನಿಯ ಒಂದು ಪದ್ಯ ಆ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಕೂಡುತ್ತದೆ. ವೇಗವನ್ನು 120 ಬಿಪಿಎಂಗೆ, ಅಂದರೆ ನಿಮಿಷಕ್ಕೆ 120 ಎಣಿಕೆಗೆ ಇಟ್ಟರೆ, ಎಣಿಕೆ ಕಾಲುಸ್ವರದಲ್ಲಿ (ಎರಡು ಮಾತ್ರೆಗೆ ಒಂದರಂತೆ) ನಡೆಯುವ ತಂತ್ರಾಂಶಗಳಲ್ಲಿ, ಇಡೀ ಪದ್ಯಕ್ಕೆ 28 ಸೆಕೆಂಡು ಹಿಡಿಯುತ್ತದೆ.

ತಾಳ ಕೂಡಿಸುವ ಕ್ರಮ ಸರಳ. ಏಳು ಮನೆಗಳಲ್ಲಿ ಒಂದನೆಯದಕ್ಕೆ ತಗ್ಗಿನ ಪೆಟ್ಟು, ನಾಲ್ಕು ಮತ್ತು ಆರನೆಯದಕ್ಕೆ ಚಪ್ಪಾಳೆಯ ಸದ್ದು. ಇದು ಮಿಶ್ರಛಾಪು. ಮಿಕ್ಕ ಮನೆಗಳಲ್ಲಿ ಕಡಿಮೆ ಬಲದ ಗೆಜ್ಜೆ. ಏಳರ ನಡೆಗೆ ಕಿವಿ ಒಗ್ಗಿದ ಮೇಲೆ ನಾಲ್ಕರ ಬೀಟು ಯಾರ ಸಹಾಯವೂ ಇಲ್ಲದೆ ಬರುತ್ತದೆ. ನಾಲ್ಕರಲ್ಲೇ ಬೆಳೆದ ಕಿವಿಗೆ ಏಳು ಆಮೇಲೆ ಕಷ್ಟ. ಜಗನ್ನಾಥದಾಸರ ಹುಟ್ಟೂರು ಬ್ಯಾಗವಾಟ, ಅವರಂತೆಯೇ ಹರಿದಾಸರಾದ ವಿಜಯದಾಸರ ಚೀಕಲಪರ್ವಿ ಮಾನ್ವಿ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಈ ಎಣಿಕೆ ಕಲಿಯಲು ಇಲ್ಲಿನವರು ಬೇರೆ ಊರಿಗೆ ಹೋಗಬೇಕಾಗಿಲ್ಲ. ಮನೆಯಲ್ಲಿ ಸುಳಾದಿ ಹಾಡುವ ಅಜ್ಜಿ ಇದ್ದರೆ ಅವರ ಮುಂದೆ ಕೂತು ಕೈಯಲ್ಲಿ ತಾಳ ಹಾಕಬೇಕು, ಅಷ್ಟೆ. ತತ್ವಪದದ ದಮ್ಮಡಿಗೂ, ಅಲಾಯಿ ಕುಣಿತದ ಹೆಜ್ಜೆಗೂ ಇದೇ ಮಾತು: ಮೊದಲು ಕೈಯಲ್ಲಿ ಎಣಿಸಬೇಕು, ಆಮೇಲೆ ಪರದೆಯ ಮೇಲೆ ಚುಕ್ಕಿ ಇಡಬೇಕು.

ಸ್ವರಕ್ಕೆ ಬಂದರೆ, ಪರದೆಯ ಮೇಲಿನ ಕೀಬೋರ್ಡಿನ ಕಪ್ಪು ಮನೆಗಳಷ್ಟನ್ನೇ ಬಳಸುವುದು ಒಳ್ಳೆಯ ಆರಂಭ. ಎರಡರ ಗುಂಪು, ಮೂರರ ಗುಂಪು ಸೇರಿ ಐದು ಮನೆಗಳು. ಮೂರರ ಗುಂಪಿನ ಮೊದಲ ಮನೆಯನ್ನು ಷಡ್ಜವೆಂದು ಹಿಡಿದು ಏರಿದರೆ ಭೂಪದ ಸ್ವರಗಳು, ಕರ್ನಾಟಕ ಪದ್ಧತಿಯಲ್ಲಿ ಮೋಹನ. ಅದೇ ಗುಂಪಿನ ನಡುವಿನ ಮನೆಯಿಂದ ಏರಿದರೆ ಮಧ್ಯಮಾವತಿ. ಕೊನೆಯದರಿಂದ ಮಾಲಕಂಸ, ಅಂದರೆ ಹಿಂದೋಳ. ಎರಡರ ಗುಂಪಿನ ಮೊದಲ ಮನೆಯಿಂದ ದುರ್ಗಾ, ಎರಡನೆಯದರಿಂದ ಶುದ್ಧ ಧನ್ಯಾಸಿ. ಐದೇ ಮನೆ, ಐದು ರಾಗಗಳ ಸ್ವರ. ಷಡ್ಜ ಯಾವುದೆಂದು ಕಿವಿಗೆ ಹೇಳಲು ಕೆಳಗೆ ಒಂದು ಉದ್ದನೆಯ ನಾದ ನಿಲ್ಲಿಸಬೇಕು; ತಂಬೂರ ಮಾಡುವ ಕೆಲಸವೇ ಅದು. ಸ್ವರದ ಸಾಲೇ ರಾಗವಲ್ಲವೆಂಬುದೂ ನೆನಪಿರಲಿ. ಸ್ವರದಿಂದ ಸ್ವರಕ್ಕೆ ಜಾರುವ ದಾರಿಯನ್ನು ಪಿಚ್ ಬೆಂಡ್ ಮತ್ತು ಗ್ಲೈಡ್ ಎಂಬ ಗುಂಡಿಗಳು ಒಂದಷ್ಟು ಮಾಡಿಕೊಡುತ್ತವೆ. ಮಿಕ್ಕದ್ದನ್ನು ಹಾಡುವವರ ಬಾಯಿಂದಲೇ ಕೇಳಿ ತಿಳಿಯಬೇಕು. ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ಹೆಸರಿದೆ. ಅಂಥ ಗಾಯಕರ ಧ್ವನಿಮುದ್ರಣವೊಂದನ್ನು ಕಣ್ಣುಮುಚ್ಚಿ ಹತ್ತು ಸಲ ಕೇಳಿದರೆ ಸಿಗುವ ಪಾಠ ಯಾವ ತಂತ್ರಾಂಶದ ಕೈಪಿಡಿಯಲ್ಲೂ ಇಲ್ಲ.

ಸಿಂಥಸೈಸರಿನ ಗುಂಡಿಗಳು ಹೊಸಬರನ್ನು ಹೆದರಿಸುತ್ತವೆ, ಆದರೆ ಅವುಗಳ ಹಿಂದಿರುವುದು ಮೂರು ಕೆಲಸ. ಆಸಿಲೇಟರ್ ನಾದ ಹುಟ್ಟಿಸುತ್ತದೆ. ಫಿಲ್ಟರ್ ಅದರಲ್ಲಿ ಬೇಡದ್ದನ್ನು ಸೋಸುತ್ತದೆ. ಎನ್ವಲಪ್ ಆ ನಾದ ಹೇಗೆ ಏಳಬೇಕು, ಹೇಗೆ ನಿಲ್ಲಬೇಕು, ಹೇಗೆ ಅಡಗಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಹಲಗಿಯ ಪೆಟ್ಟು ಥಟ್ಟನೆ ಎದ್ದು ಥಟ್ಟನೆ ಅಡಗುತ್ತದೆ. ತಂಬೂರದ ತಂತಿ ಮೀಟಿದ ಮೇಲೆ ನಿಧಾನಕ್ಕೆ ಕರಗುತ್ತದೆ. ಹಾರ್ಮೋನಿಯಂ ತಿದಿ ಆಡುವವರೆಗೂ ನಿಂತಿರುತ್ತದೆ. ಈ ಮೂರನ್ನೂ ಒಂದೇ ಸಿಂಥಸೈಸರಿನಲ್ಲಿ ಎನ್ವಲಪ್ ಮಾತ್ರ ಬದಲಿಸಿ ಅನುಕರಿಸುವುದು ಒಂದು ವಾರದ ಒಳ್ಳೆಯ ಅಭ್ಯಾಸ. ಡಿಜೆಯ 'ಧಂ' ಕೂಡ ಗುಟ್ಟಲ್ಲ: ಶುದ್ಧ ಸೈನ್ ಅಲೆಯೊಂದನ್ನು ಸುಮಾರು 150 ಹರ್ಟ್ಸ್‌ನಿಂದ 50ಕ್ಕೆ ಕ್ಷಣಾರ್ಧದಲ್ಲಿ ಇಳಿಸಿದರೆ ಅದು ಹುಟ್ಟುತ್ತದೆ. ಮಳೆಯಂಥ ಗದ್ದಲವನ್ನು ತೆಗೆದುಕೊಂಡು ಅದರ ತಗ್ಗಿನ ಭಾಗವನ್ನು ಸೋಸಿ ಚಿಕ್ಕದಾಗಿ ಕತ್ತರಿಸಿದರೆ ತಾಳದ ಕಿಣಿಕಿಣಿ. ವೈಟಲ್, ಸರ್ಜ್ ಎಕ್ಸ್‌ಟಿ ಎಂಬ ಸಿಂಥಸೈಸರುಗಳು ಕಂಪ್ಯೂಟರಿಗೆ ಉಚಿತವಾಗಿ ಸಿಗುತ್ತವೆ.

ಸಿದ್ಧ ಲೂಪುಗಳನ್ನು ತಂದು ಜೋಡಿಸಿದ ಹಾಡು ಮೊದಲ ದಿನ ಸಂತೋಷ ಕೊಡುತ್ತದೆ. ಅದೇ ಲೂಪನ್ನು ಸಾವಿರ ಜನ ಬಳಸಿರುತ್ತಾರೆಂಬುದು ಆಮೇಲೆ ತಿಳಿಯುತ್ತದೆ. ಇಲ್ಲಿ ಸುತ್ತಲೂ ಯಾರೂ ಬಳಸದ ಸದ್ದುಗಳಿವೆ. ಅಕ್ಕಿ ಗಿರಣಿಯ ಬೆಲ್ಟಿನ ಲಯ, ಹತ್ತಿ ಜಿನ್ನಿನ ಮೊರೆತ, ಕೃಷ್ಣಾ ಸೇತುವೆಯ ಮೇಲೆ ರೈಲು ಹಾಯುವ ಗಡಗಡ, ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತುಗಳ ಗೆಜ್ಜೆ, ಕಾಲುವೆಯ ತೂಬಿನ ನೀರು. ಫೋನಿನಲ್ಲಿ ಮುದ್ರಿಸಿದರೂ ಆಗುತ್ತದೆ. ಎಂಪಿ3 ಬದಲು ವೇವ್ ರೂಪದಲ್ಲಿ, ಸೆಕೆಂಡಿಗೆ 44,100 ಅಥವಾ 48,000 ಮಾದರಿಯ ಲೆಕ್ಕದಲ್ಲಿ ಇಟ್ಟುಕೊಂಡರೆ ಮುಂದೆ ತಿದ್ದಲು ಅನುಕೂಲ. ಮನೆಯಲ್ಲಿ ಹಾಡು ಮುದ್ರಿಸುವಾಗ ದೊಡ್ಡ ಶತ್ರು ಸೀಲಿಂಗ್ ಫ್ಯಾನು. ಬೇಸಿಗೆ 40 ಡಿಗ್ರಿ ದಾಟುವ ಊರಿನಲ್ಲಿ ಅದನ್ನು ನಿಲ್ಲಿಸಿ ಕೂಡುವುದು ಕಷ್ಟ, ಆದ್ದರಿಂದ ಬೆಳಗಿನ ಜಾವವೇ ಸರಿಯಾದ ಹೊತ್ತು. ಕಾಂಕ್ರೀಟ್ ಗೋಡೆಗಳ ಮಾರ್ದನಿಗೆ ಮದ್ದು ಮನೆಯಲ್ಲೇ ಇದೆ: ಹಾಡುವವರ ಹಿಂದೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿ ಇಳಿಬಿಟ್ಟರೆ ಕೋಣೆಯ ಗುಂಯ್‌ಗುಟ್ಟುವಿಕೆ ಬಹಳಷ್ಟು ತಗ್ಗುತ್ತದೆ. ದುಬಾರಿ ಫೋಮ್ ಹಾಳೆಗಳಿಗಿಂತ ಅಜ್ಜಿ ಹೊಲಿದ ಕೌದಿ ಈ ಕೆಲಸಕ್ಕೆ ಕಡಿಮೆಯದಲ್ಲ.

ಮನುಷ್ಯರ ಸಂಗೀತವನ್ನು ಮುದ್ರಿಸುವುದು ಮಾತ್ರ ನೀರು, ರೈಲಿನ ಸದ್ದಿನಷ್ಟು ಸಲೀಸಲ್ಲ. ಹಲಗಿ ಬಡಿಯುವವರು, ತತ್ವಪದ ಹಾಡುವವರು, ಜೋಳ ಬೀಸುತ್ತ ಪದ ಹೇಳುವ ತಾಯಂದಿರು ಯಾರೇ ಇರಲಿ, ಮೊದಲು ಒಪ್ಪಿಗೆ ಕೇಳಬೇಕು. ಹಾಡು ಹೊರಬಂದಾಗ ಅವರ ಹೆಸರು ಹಾಕಬೇಕು. ಹಣ ಬಂದರೆ ಪಾಲು ಕೊಡಬೇಕು. ಮೊಹರಮ್ಮಿನ ರಿವಾಯತ್ ಪದಗಳಲ್ಲಿ ಶೋಕವಿದೆ. ಅವನ್ನು ಕುಣಿತದ ಬೀಟಿಗೆ ಹಚ್ಚುವ ಮೊದಲು ಹಾಡಿದವರನ್ನೇ ಕೇಳಿ, ಬೇಡವೆಂದರೆ ಬಿಟ್ಟುಬಿಡುವುದು ಮರ್ಯಾದೆ. ಕಾನೂನಿನ ಮಾತೂ ಇದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿಯ ಹಕ್ಕು ಅವರ ಜೀವಿತಾವಧಿ ಮತ್ತು ಆನಂತರದ 60 ವರ್ಷ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ. ಹದಿನೆಂಟನೆಯ ಶತಮಾನದ ದಾಸರ ಪದವನ್ನು ಯಾರು ಬೇಕಾದರೂ ಹಾಡಿ ಬಳಸಬಹುದು. ಅದೇ ಪದವನ್ನು ಇಂದಿನ ಗಾಯಕರು ಹಾಡಿದ ಮುದ್ರಣವನ್ನು ಕತ್ತರಿಸಿ ತರಲು ಅನುಮತಿ ಬೇಕು. ಸಿನಿಮಾ ಹಾಡಿನ ರಿಮಿಕ್ಸ್‌ಗೂ ಇದೇ ನಿಯಮ.

ಕಟ್ಟಿದ ಹಾಡನ್ನು ಹದಗೊಳಿಸುವ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಅದನ್ನು ಕಲಿಯಲು ವರ್ಷಗಳು ಬೇಕು. ಆರಂಭಕ್ಕೆ ಎರಡು ಮಾತು ಸಾಕು. ತಗ್ಗಿನ ಪೆಟ್ಟೂ ಬೇಸ್ ಸ್ವರವೂ ಒಂದೇ ಹೊತ್ತಿಗೆ ಬಿದ್ದರೆ ಎರಡೂ ಕೆಸರಾಗುತ್ತವೆ, ಆದ್ದರಿಂದ ಒಂದು ಮಾತಾಡುವಾಗ ಇನ್ನೊಂದು ತಗ್ಗಬೇಕು. ಮೀಟರಿನ ಮುಳ್ಳು ಕೆಂಪು ಮುಟ್ಟದಂತೆ ಸುಮಾರು 6 ಡೆಸಿಬೆಲ್ ಜಾಗ ಖಾಲಿ ಬಿಡಬೇಕು. ಮುಗಿದ ಹಾಡನ್ನು ಇಯರ್‌ಫೋನಿನಲ್ಲಿ, ಫೋನಿನ ಸ್ಪೀಕರಿನಲ್ಲಿ, ಪರಿಚಯದವರ ಆಟೋದಲ್ಲಿ ಕೇಳಿ ನೋಡಬೇಕು. ಫೋನಿನ ಸ್ಪೀಕರಿನಲ್ಲಿ 60 ಹರ್ಟ್ಸ್‌ನ ನಾದ ಕೇಳುವುದೇ ಇಲ್ಲ. ಅಲ್ಲೂ ತಾಳ ತಿಳಿಯುತ್ತಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಕಿವಿಯ ವಿಚಾರದಲ್ಲಿ ಈ ಪತ್ರ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, ಅದೂ 80 ಡೆಸಿಬೆಲ್ ಮಟ್ಟದಲ್ಲಿ. ಸದ್ದು ಅದಕ್ಕಿಂತ ಏರಿದಂತೆ ಗಂಟೆಗಳು ಬೇಗ ಕರಗುತ್ತವೆ, ಮೆರವಣಿಗೆಯ ಡಿಜೆ ಪೆಟ್ಟಿಗೆಯ ಎದುರು ಅವು ನಿಮಿಷಗಳಾಗುತ್ತವೆ. ಒಳಗಿವಿಯ ಕೂದಲಕೋಶ ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ರಾತ್ರಿ ಕಿವಿಯಲ್ಲಿ ಕುಂಯ್ ಎಂಬ ಸದ್ದು ಉಳಿದರೆ ಅದು ಎಚ್ಚರಿಕೆ. ತಾಸಿಗೊಮ್ಮೆ ಇಯರ್‌ಫೋನ್ ತೆಗೆದು ಹತ್ತು ನಿಮಿಷ ಹೊರಗೆ ಕೂತು ಬನ್ನಿ. ನೆರೆಮನೆಯವರಿಗೂ ಕಿವಿಯಿದೆ: 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ.

ಕೊನೆಯದಾಗಿ ಕೆಲಸ ಉಳಿಸಿಕೊಳ್ಳುವ ಬಗೆ. ಕರೆಂಟು ಹೋಗಿ, ಫೋನು ನೀರಿಗೆ ಬಿದ್ದು ತಿಂಗಳುಗಳ ಶ್ರಮ ಕಳೆದುಕೊಂಡವರ ದುಃಖ ಈ ಪತ್ರ ಬರೆಯುವವರಿಗೆ ಸ್ವಂತ ಅನುಭವದಿಂದ ಗೊತ್ತು. ಪ್ರತಿ ದಿನದ ಕೆಲಸವನ್ನು ದಿನಾಂಕದ ಹೆಸರಿನಲ್ಲಿ ಬೇರೆ ಕಡತವಾಗಿ ಇಡಬೇಕು, ವಾರಕ್ಕೊಮ್ಮೆ ಇನ್ನೊಂದು ಕಡೆ ನಕಲು ಮಾಡಬೇಕು. ಮುದ್ರಿಸಿದ ಸದ್ದಿಗೆ ಊರು, ದಿನ, ಹಾಡಿದವರ ಹೆಸರು ಬರೆದಿಡಬೇಕು. ಹತ್ತು ವರ್ಷದ ಮೇಲೆ ಆ ಹಾಡುಗಾರರು ಇಲ್ಲದಿದ್ದಾಗ ಆ ಚೀಟಿಗೆ ಹಾಡಿನಷ್ಟೇ ಬೆಲೆ ಬರುತ್ತದೆ.

ನಿಮ್ಮಲ್ಲಿ ಒಂದೇ ಕೋರಿಕೆ ಉಳಿದಿದೆ. ಮುಂದಿನ ಕಾರಹುಣ್ಣಿಮೆಯೊಳಗೆ ಒಬ್ಬೊಬ್ಬರೂ ಒಂದು ಹಾಡನ್ನು, ಎರಡೇ ನಿಮಿಷದ್ದಾದರೂ ಸರಿ, ಪೂರ್ತಿ ಮುಗಿಸಿ. ಏಳು ಮಾತ್ರೆಯ ತಾಳ, ಕಪ್ಪು ಮನೆಗಳ ಒಂದು ರಾಗ, ನಿಮ್ಮೂರಿನ ಒಂದು ಸದ್ದು ಅದರಲ್ಲಿರಲಿ. ಮನೆಯ ಹೆಣ್ಣುಮಕ್ಕಳ ಕೈಗೂ ಆ ಇಯರ್‌ಫೋನ್ ಕೊಡಿ. ಅಕ್ಕನೋ ತಂಗಿಯೋ ತಾಳ ಕೂಡಿಸಲು ಕೂತಾಗ ಕೋಣೆಯನ್ನು ಬಿಟ್ಟುಕೊಡಿ. ಹಾಡು ಮುಗಿದ ದಿನ ಅದನ್ನು ಮೊದಲು ಮನೆಯ ಹಿರಿಯರಿಗೆ ಕೇಳಿಸಿ, ಅವರ ಕೈ ತಾಳ ಹಾಕುತ್ತದೆಯೋ ನೋಡಿ.

ಇತಿ ನಿಮ್ಮ ವಿಶ್ವಾಸಿ,
ಎಡೆದೊರೆ ನಾಡಿನ ಒಬ್ಬ ಸಂಗೀತಾಭ್ಯಾಸಿ
ರಾಯಚೂರು